ಎಂಡಿ ಸೈಕಿಯಾಟ್ರಿ ಮೊದಲ ವರ್ಷ: ಮೆದುಳು ಓದಬೇಕೋ, ಫ್ರಾಯ್ಡ್ ಓದಬೇಕೋ?

ಮನೋವೈದ್ಯಕೀಯದ ಎಂಡಿಗೆ ಈಗಷ್ಟೇ ಸೇರಿದ ನೀವು, ಮೆದುಳಿನ ವಿಜ್ಞಾನ ಓದಬೇಕೋ, ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್‌ನನ್ನು ಓದಬೇಕೋ ಅಂತ ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನೂ ಸೀನಿಯರ್‌ಗಳಿಗೆ ಕೇಳಿದ್ದೆ. "ಮೆದುಳಿನ ರಿಸೆಪ್ಟರ್ ಓದು, ಫ್ರಾಯ್ಡ್ ಪರೀಕ್ಷೆಗೆ ಬರಲ್ಲ" ಅಂದರು. ಹಾಗೇ ಮಾಡಿದೆ.

ಡಿ-ಅಡಿಕ್ಷನ್ ವಾರ್ಡಿಗೆ ಒಬ್ಬರು ಬಂದರು. ವರ್ಷಗಟ್ಟಲೆ ಕುಡಿತ, ಊಟ ಅಷ್ಟಕ್ಕಷ್ಟೆ. ನಡೆದರೆ ತೂರಾಡುತ್ತಿದ್ದರು. "ನಿನ್ನೆ ಮಗಳ ಮದುವೆ ಆಯ್ತಲ್ಲ ಡಾಕ್ಟ್ರೇ, ನೀವೂ ಊಟಕ್ಕೆ ಬಂದಿದ್ರಿ" ಅನ್ನುತ್ತಿದ್ದರು. ಆ ಮಗಳು ಅವರ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ನನಗೆ ಮೈ ಉರಿಯುತ್ತಿತ್ತು. ಸುಳ್ಳುಬುರುಕ ಅಂದುಕೊಂಡು ಅವರ ಹಾಸಿಗೆಯನ್ನು ಬೇಗ ಬೇಗ ದಾಟಿಬಿಡುತ್ತಿದ್ದೆ. ಥಯಾಮಿನ್ (ಬಿ1 ವಿಟಮಿನ್) ಮಾತ್ರೆ ಬರೆದು ಕೈತೊಳೆದುಕೊಂಡಿದ್ದೆ. ರೌಂಡ್ಸ್‌ನಲ್ಲಿ ನಮ್ಮ ಮೇಡಂ ಬೆರಳು ಆಡಿಸಿ ನೋಡಿದರು. ಕಣ್ಣುಗುಡ್ಡೆ ಹೊರಬದಿಗೆ ಸರಿಯುತ್ತಲೇ ಇರಲಿಲ್ಲ. ವರ್ನಿಕೆ! ಥಯಾಮಿನ್ ಕೊರತೆಯಿಂದ ಮೆದುಳಿಗೆ ಹಾನಿಯಾಗುವ ಕಾಯಿಲೆ. ಥಯಾಮಿನ್ ಇಂಜೆಕ್ಷನ್ ಶುರುವಾಯಿತು. ಕಣ್ಣು ಸರಿಹೋಯಿತು, ನೆನಪು ಮಾತ್ರ ಮರಳಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ಓದು ಕಮ್ಮಿಯಾಗಿರಲಿಲ್ಲ. ಕುಡಿಯುವವರ ಕರುಳು ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳಲ್ಲ, ಗ್ಲೂಕೋಸ್‌ಗೆ ಮೊದಲು ಥಯಾಮಿನ್, ಈ ಕಾಯಿಲೆಯಲ್ಲಿ ಹಾಳಾಗುವ ಮೆದುಳಿನ ಭಾಗ ಮ್ಯಾಮಿಲರಿ ಬಾಡಿ, ಎಲ್ಲ ಬಾಯಿಪಾಠ. ಆದರೆ ಕಣ್ಣು ಪರೀಕ್ಷಿಸಲು ಆ ಮನುಷ್ಯನ ಹತ್ತಿರ ನಿಲ್ಲಬೇಕಲ್ವಾ? ನಿಲ್ಲಲು ಬಿಡದಿದ್ದದ್ದು ನನ್ನ ಸಿಟ್ಟು. ನಮ್ಮ ಮನೆಯಲ್ಲೂ ಕುಡಿದು ಕಥೆ ಕಟ್ಟುವ ದೊಡ್ಡಪ್ಪ ಇದ್ದರು. ಅವರ ಮೇಲಿನ ಸಿಟ್ಟನ್ನು ಇವರ ಮೇಲೆ ಹಾಕಿದ್ದೆ. ಫ್ರಾಯ್ಡ್ 1910ರಲ್ಲೇ, ರೋಗಿಯ ಕಡೆಗೆ ವೈದ್ಯರ ಮನಸ್ಸಲ್ಲೇ ಏಳುವ ಭಾವನೆಗಳ, ಅಂದರೆ ಕೌಂಟರ್‌ಟ್ರಾನ್ಸ್‌ಫರೆನ್ಸ್ ಬಗ್ಗೆ ಹೇಳಿದ್ದ. ಆ ಪಾಠ ಬಿಟ್ಟಿದ್ದಕ್ಕೆ ಮೆದುಳಿನ ಪಾಠವೂ ಕೈಕೊಟ್ಟಿತು.

ಹಾಗಾಗಿ ನಿಮ್ಮ "ಇದೋ ಅದೋ" ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಆ ಮದುವೆ ಕಥೆಯನ್ನೇ ನೋಡಿ. ಅವರು ಬೇಕೆಂದೇ ಸುಳ್ಳು ಹೇಳುತ್ತಿರಲಿಲ್ಲ; ನೆನಪು ಅಳಿಸಿಹೋದ ಜಾಗವನ್ನು ಮೆದುಳು ಕಥೆಯಿಂದ ತುಂಬುತ್ತಿತ್ತು. ನೆನಪು ಅಳಿಸಿದ್ದು ಥಯಾಮಿನ್ ಕೊರತೆ, ಸರಿ. ಖಾಲಿ ಜಾಗಕ್ಕೆ ಮಗಳ ಮದುವೆಯೇ ಯಾಕೆ ಬಂತು? ನರಮನೋವಿಜ್ಞಾನಿಯೂ ಮನೋವಿಶ್ಲೇಷಕರೂ ಆದ ಮಾರ್ಕ್ ಸೋಲ್ಮ್ಸ್ ಮತ್ತು ಸಂಗಡಿಗರು ಇಂಥ ಕಟ್ಟುಕಥೆಗಳನ್ನು ಪರಿಶೀಲಿಸಿ, ಅವು ವಾಸ್ತವಕ್ಕಿಂತ ಹಿತವಾಗಿರುವುದೇ ಜಾಸ್ತಿ ಎಂದು ಬರೆದಿದ್ದಾರೆ. ಅಂದಹಾಗೆ, ನೆನಪಿನ ನರಕೋಶಗಳ ಕೆಲಸಕ್ಕೆ 2000ದಲ್ಲಿ ನೊಬೆಲ್ ಪಡೆದ ಎರಿಕ್ ಕ್ಯಾಂಡೆಲ್ ಮೆಡಿಕಲ್ ಸೇರಿದ್ದೇ ಮನೋವಿಶ್ಲೇಷಕನಾಗಲು. ನಿಮ್ಮ ಸೀನಿಯರ್‌ಗಳಿಗೆ ಇದನ್ನೂ ಹೇಳಿ.

ಫ್ರಾಯ್ಡ್‌ನ ಈಡಿಪಸ್ ಗೀಡಿಪಸ್ ಸಿದ್ಧಾಂತ ಎಲ್ಲ ಸದ್ಯಕ್ಕೆ ಬದಿಗಿಡಿ. ಪ್ರತಿ ಕೇಸ್ ಆದಮೇಲೆ, ಇವರನ್ನು ಕಂಡು ನನಗೇನು ಅನ್ನಿಸಿತು ಅಂತ ಸ್ವಂತ ಡೈರಿಯಲ್ಲಿ ಒಂದು ಸಾಲು ಬರೆಯಿರಿ. ಕೇಸ್ ಶೀಟಿನಲ್ಲಿ ಬೇಡ. ಸಿಟ್ಟು ಬಂದವರನ್ನು ಮತ್ತೊಮ್ಮೆ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿ. ಆ ಡೈರಿ ಇಟ್ಟುಕೊಂಡು ನಿಮ್ಮ ಜೊತೆ ಕೂರುವ ಟೀಚರ್ ಡಿಪಾರ್ಟ್‌ಮೆಂಟಿನಲ್ಲಿ ಸಿಗದಿದ್ದರೆ ಕ್ಲಿನಿಕಲ್ ಸೈಕಾಲಜಿಯವರನ್ನು ಕೇಳಿ.