ಕರೆಂಟ್ ಕೊಡದ ರಿಯಾಕ್ಟರ್ ಯಾಕೆ ಬೇಕು?

ಮುಂಬೈನ ಟ್ರಾಂಬೆಯ ಪರಮಾಣು ಸಂಶೋಧನಾ ರಿಯಾಕ್ಟರ್‌ನಿಂದ ಒಂದು ಯೂನಿಟ್ ಕರೆಂಟೂ ಬರಲ್ಲ, ಮತ್ಯಾಕೆ ಅದನ್ನು ನಡೆಸುತ್ತಾರೆ ಅಂತ ಕೇಳಿದ್ದೀರಿ. ನಾನು ವಿಜ್ಞಾನಿ ಅಲ್ಲ. ಪೈಪು, ಬಾಯ್ಲರ್‌ಗಳ ವೆಲ್ಡಿಂಗ್ ಚೆಕ್ ಮಾಡುವ ರೇಡಿಯೋಗ್ರಫಿ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದವನು. ಆ ರಿಯಾಕ್ಟರಿನ ಮಾಲು ದಿನಾ ನನ್ನ ಕೈಯಲ್ಲೇ ಇರುತ್ತಿತ್ತು. ಅಲ್ಲ, ಕೈಗೆ ತಾಗದ ಹಾಗೆ ಇರುತ್ತಿತ್ತು!

ಕರೆಂಟ್ ಬರಲ್ಲ ಅನ್ನೋದು ನಿಜ. 1985ರಲ್ಲಿ ಶುರುವಾದ ಅಲ್ಲಿನ ಧ್ರುವ ರಿಯಾಕ್ಟರ್ 100 ಮೆಗಾವ್ಯಾಟ್ ಶಾಖ ಹುಟ್ಟಿಸುವಂಥದ್ದು, ಆದರೆ ಆ ಶಾಖವೆಲ್ಲ ಕೊನೆಗೆ ಸಮುದ್ರದ ನೀರಿಗೆ ಹೋಗುತ್ತದೆ. ಅಲ್ಲಿ ಬೇಕಾಗಿರುವುದು ನ್ಯೂಟ್ರಾನ್. ಇರಿಡಿಯಂ ಅನ್ನುವ ಲೋಹದ ಪುಟಾಣಿ ಬಿಲ್ಲೆಗಳನ್ನು ಒಳಗಿಟ್ಟರೆ, ಅವು ನ್ಯೂಟ್ರಾನ್ ನುಂಗಿ ಇರಿಡಿಯಂ-192 ಆಗಿ, ಲೋಹವನ್ನೂ ತೂರಿ ಹೋಗುವ ಗಾಮಾ ಕಿರಣ ಬಿಡಲು ಶುರು ಮಾಡುತ್ತವೆ. ಅದೇ ನಮ್ಮ 'ಸೋರ್ಸ್'.

ಅದನ್ನು ಇಡುವ ಭಾರದ ಪೆಟ್ಟಿಗೆಗೆ ಕ್ಯಾಮೆರಾ ಅಂತ ಹೆಸರು, ಲೆನ್ಸ್ ಮಾತ್ರ ಇಲ್ಲ. ನಮ್ಮ ಕೆಲಸ ಜಾಸ್ತಿ ರಾತ್ರಿಯೇ, ಉಳಿದವರೆಲ್ಲ ಸೈಟಿನಿಂದ ಹೋದ ಮೇಲೆ. ಸುತ್ತ ಹಗ್ಗ ಕಟ್ಟಿ, ಜಾಯಿಂಟಿಗೆ ಫಿಲ್ಮ್ ಸುತ್ತಿ, ದೂರ ನಿಂತು ಹ್ಯಾಂಡಲ್ ತಿರುಗಿಸಬೇಕು. ಸೋರ್ಸ್ ಕೊಳವೆಯೊಳಗೆ ಜಾರಿಕೊಂಡು ಹೋದ ತಕ್ಷಣ ವಿಕಿರಣ ಅಳೆಯುವ ಮೀಟರಿನ ಮುಳ್ಳು ಜಿಗಿಯುತ್ತದೆ. ಆಮೇಲೆ ಡಾರ್ಕ್ ರೂಮ್. ಹೊರಗಿನಿಂದ ಜಡೆ ಹೆಣೆದಷ್ಟು ಚೆಂದ ಕಾಣುವ ವೆಲ್ಡಿಂಗಿನ ಒಳಗೆ ಗಾಳಿಗುಳ್ಳೆ ಇದ್ದರೆ ಫಿಲ್ಮಿನಲ್ಲಿ ಕಪ್ಪು ಚುಕ್ಕೆ, ಲೋಹ ಬೆಸೆದುಕೊಳ್ಳದೆ ಉಳಿದಿದ್ದರೆ ಕಪ್ಪು ಗೆರೆ. ಬೆಳಿಗ್ಗೆ ವೆಲ್ಡರ್ ಬಾಗಿಲಲ್ಲೇ ನಿಂತಿರುತ್ತಿದ್ದ: "ಏನ್ ಗುರೂ, ಪಾಸಾ?" ಆ ಗೆರೆ ಕಣ್ಣು ತಪ್ಪಿದರೆ ಮುಂದೊಂದು ದಿನ ಬಾಯ್ಲರ್ ಟ್ಯೂಬ್ ಒಡೆದು ವಿದ್ಯುತ್ ಸ್ಥಾವರದ ಇಡೀ ಯೂನಿಟ್ಟೇ ನಿಲ್ಲಬಹುದು. ನೀವು ಕೇಳಿದ ಕರೆಂಟಿಗೂ ಇದಕ್ಕೂ ಇರುವ ನಂಟು ಅದು.

ಇನ್ನೊಂದು ವಿಷಯ. ಈ ಮಾಲನ್ನು ಗೋದಾಮಿನಲ್ಲಿ ಕೂಡಿಡಲು ಆಗಲ್ಲ. 74 ದಿನಕ್ಕೆ ಇರಿಡಿಯಂನ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಹತ್ತು ನಿಮಿಷದ ಎಕ್ಸ್‌ಪೋಶರ್ ಇಪ್ಪತ್ತಾಗುತ್ತದೆ, ಮತ್ತೆ 74 ದಿನಕ್ಕೆ ನಲವತ್ತು. ಸೊಪ್ಪಿನ ವ್ಯಾಪಾರದ ಹಾಗೆ, ಹೊಸದು ಬರುತ್ತಲೇ ಇರಬೇಕು. ರಿಯಾಕ್ಟರ್ ನಡೆಯುತ್ತಲೇ ಇರಬೇಕು ಅನ್ನೋದಕ್ಕೆ ನನಗೆ ಗೊತ್ತಿರುವ ದೊಡ್ಡ ಕಾರಣ ಇದೇ.

ಕೆಲವು ಕಡೆ ಬೇಗ ಬಾಡುವುದೇ ಅನುಕೂಲ. ನೆಲದೊಳಗಿನ ಪೈಪು ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಬ್ರೋಮಿನ್-82 ಅನ್ನುವ ವಿಕಿರಣ ವಸ್ತುವನ್ನು ಬೆರೆಸಿ ಬಿಡುತ್ತಾರೆ. ಸೋರಿದ ಜಾಗವನ್ನು ಡಿಟೆಕ್ಟರ್ ತೋರಿಸುತ್ತದೆ, ಊರೆಲ್ಲ ಅಗೆಯುವ ಕೆಲಸ ಇಲ್ಲ. ಅದು ಸುಮಾರು 35 ಗಂಟೆಗೊಮ್ಮೆ ಅರ್ಧವಾಗುತ್ತಾ ಕೆಲವೇ ದಿನಗಳಲ್ಲಿ ಬಹುತೇಕ ಇಲ್ಲವಾಗುತ್ತದೆ. ಗಾಮಾ ಕಿರಣ ಬಿಡುವ ಇನ್ನೊಂದು ಲೋಹ ಕೋಬಾಲ್ಟ್-60 ಉಲ್ಟಾ, ಅರ್ಧವಾಗಲು ಐದು ವರ್ಷಕ್ಕೂ ಜಾಸ್ತಿ ಬೇಕು. ವಡೋದರಾದಲ್ಲಿ ಚರಂಡಿ ಕೆಸರಿನ ರೋಗಾಣು ಕೊಂದು ಹೊಲಕ್ಕೆ ಗೊಬ್ಬರ ಮಾಡಲು ಅದನ್ನೇ ಬಳಸಿದ್ದು. ತಮಾಷೆ ಅಂದ್ರೆ ಕೋಬಾಲ್ಟ್ ತಯಾರಾಗುವುದು ರಾಜಸ್ಥಾನದ ಕರೆಂಟ್ ಕೊಡುವ ರಿಯಾಕ್ಟರುಗಳಲ್ಲೇ.

ಹಾಗಂತ ಇದೆಲ್ಲ ಸಲೀಸು ಅಂತ ಹೇಳಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಕೋಬಾಲ್ಟ್ ಇದ್ದ ಹಳೇ ಯಂತ್ರವೊಂದು ಗುಜರಿಗೆ ಹೋಯಿತು. ಅದನ್ನು ಬಿಚ್ಚಿದ್ದರಿಂದ ಹಲವರು ಆಸ್ಪತ್ರೆ ಸೇರಿದರು, ಒಬ್ಬರು ಸತ್ತರು. ಆ ಸುದ್ದಿ ಓದಿದ ಮೇಲೆ ಕ್ಯಾಮೆರಾ ಇಟ್ಟು ಹಾಕಿದ ಬೀಗವನ್ನು ಎರಡೆರಡು ಸಲ ಎಳೆದು ನೋಡುತ್ತಿದ್ದೆ. ಆ ಕೆಲಸ ಬಿಟ್ಟರೂ ಮನೆ ಬೀಗ ಈಗಲೂ ಹಾಗೇ ಎಳೆಯುತ್ತೇನೆ.