ಹಳಿ ಖಾಲಿ ಕಂಡರೂ ಇನ್ನೊಂದು ಗಾಡಿಗೆ ಜಾಗ ಯಾಕಿಲ್ಲ?

ಬ್ಯುಸಿ ರೈಲ್ವೆ ಮೇನ್ ಲೈನಿಗೆ ಟೈಮ್‌ಟೇಬಲ್ ಹೇಗೆ ಮಾಡುತ್ತಾರೆ, ಮುಕ್ಕಾಲು ಗಂಟೆ ನಿಂತರೂ ಒಂದು ಗಾಡಿ ಕಾಣದ ಲೈನನ್ನು ‘ಫುಲ್ ಆಗಿದೆ’ ಅನ್ನುವುದು ಯಾಕೆ ಎಂದು ಕೇಳಿದ್ದೀರಿ. ನಾನು ಟೈಮ್‌ಟೇಬಲ್ಲಿನ ಚಾರ್ಟ್ ಹಾಕುವ ಕೆಲಸದಲ್ಲೇ ಇರುವವನು. ನನಗೆ ಬಹಳ ಇಷ್ಟದ ಪ್ರಶ್ನೆ ಇದು, ಸ್ವಲ್ಪ ಉದ್ದಕ್ಕೇ ಉತ್ತರಿಸುತ್ತೇನೆ.

ಒಂದೇ ಮಾತಲ್ಲಿ ಹೇಳುವುದಾದರೆ, ಲೈನಿನ ಜಾಗವನ್ನು ಜಾಸ್ತಿ ತಿನ್ನುವುದು ಗಾಡಿಗಳ ನಡುವಿನ ವೇಗದ ವ್ಯತ್ಯಾಸ. ಗಾಡಿಗಳ ಎಣಿಕೆ ಆಮೇಲಿನ ಮಾತು.

ಮೊದಲು ಚಾರ್ಟ್ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಅಡ್ಡಕ್ಕೆ ಸಮಯ, ಮೇಲಿಂದ ಕೆಳಕ್ಕೆ ಸ್ಟೇಷನ್‌ಗಳು, ಅವುಗಳ ನಿಜವಾದ ದೂರದ ಅಳತೆಗೆ ತಕ್ಕಂತೆ. ಪ್ರತಿ ಗಾಡಿಯೂ ಒಂದು ಓರೆ ಗೆರೆ. ಎಕ್ಸ್‌ಪ್ರೆಸ್ ಗೆರೆ ಕಡಿದಾಗಿರುತ್ತದೆ, ಗೂಡ್ಸ್ ಗೆರೆ ವಾಲಿಕೊಂಡಿರುತ್ತದೆ, ಸ್ಟೇಷನ್ನಿನಲ್ಲಿ ನಿಂತಾಗ ಗೆರೆ ಅಡ್ಡ ಮಲಗುತ್ತದೆ. 19ನೇ ಶತಮಾನದಲ್ಲೇ ಪ್ಯಾರಿಸ್–ಲಿಯೋನ್ ಲೈನಿಗೆ ಇಂಥ ಚಾರ್ಟ್ ಹಾಕಿದ್ದರು. ಈಗ ಕಂಪ್ಯೂಟರಿನಲ್ಲಿ ಎಳೆಯುತ್ತೇವೆ, ಚಿತ್ರ ಮಾತ್ರ ಅದೇ. ಡಬಲ್ ಲೈನಿನಲ್ಲಿ ಒಂದೇ ದಿಕ್ಕಿಗೆ ಹೋಗುವ ಎರಡು ಗೆರೆಗಳು ಒಂದನ್ನೊಂದು ದಾಟಬೇಕಾದರೆ ಅಲ್ಲಿ ಲೂಪ್ ಲೈನ್, ಅಂದರೆ ಒಂದು ಗಾಡಿ ಪಕ್ಕಕ್ಕೆ ಸರಿದು ನಿಲ್ಲುವ ಹಳಿ, ಇರುವ ಸ್ಟೇಷನ್ ಇರಲೇಬೇಕು. ಬೇರೆ ಕಡೆ ದಾಟುವಂತಿಲ್ಲ.

ಎರಡು ಗಾಡಿಗಳ ನಡುವೆ ಎಷ್ಟು ಅಂತರ ಬೇಕು? ಗಂಟೆಗೆ 120 ಕಿ.ಮೀ. ವೇಗದ ಗಾಡಿ ನಿಮಿಷಕ್ಕೆ 2 ಕಿ.ಮೀ. ಹೋಗುತ್ತದೆ. ಡ್ರೈವರ್ ಕೆಂಪು ಸಿಗ್ನಲ್ ನೋಡಿದ ಮೇಲೆ ಬ್ರೇಕ್ ಹಾಕಿದರೆ ಆಗುವುದಿಲ್ಲ, ಅದಕ್ಕೂ ಬಹಳ ಮುಂಚೆಯೇ ಹಳದಿ ಕಾಣಬೇಕು. ಸುಮಾರು 1.25 ಕಿ.ಮೀ.ಗೊಂದು ಸಿಗ್ನಲ್ ಇದೆ, ಡ್ರೈವರಿಗೆ ದಾರಿಯುದ್ದಕ್ಕೂ ಹಸಿರೇ ಸಿಗಬೇಕು ಅಂದರೆ ಮುಂದೆ ಮೂರು ಬ್ಲಾಕ್ (ಎರಡು ಸಿಗ್ನಲ್ ನಡುವಿನ ಹಳಿ) ಖಾಲಿ ಇರಬೇಕು. ಜೊತೆಗೆ ಮುಂದಿನ ಗಾಡಿಯ ಉದ್ದವೂ ಸೇರಿ ಸುಮಾರು 5 ಕಿ.ಮೀ. ಆಗುತ್ತದೆ, ಅಂದರೆ ಎರಡೂವರೆ ನಿಮಿಷ. ಇದು ಸಿಗ್ನಲ್ ಕೊಡುವ ಲೆಕ್ಕ. ಚಾರ್ಟಿನಲ್ಲಿ ಅಷ್ಟಕ್ಕೇ ಹಾಕಿದರೆ ಮುಂದಿನ ಗಾಡಿ ಅರ್ಧ ನಿಮಿಷ ಎಡವಿದರೂ ಹಿಂದಿನದು ಹಳದಿ ನೋಡಿ ನಿಧಾನ ಮಾಡುತ್ತದೆ. ಅದಕ್ಕೇ ಸ್ವಲ್ಪ ಜಾಸ್ತಿ ಬಿಡುತ್ತೇವೆ. ಇಲ್ಲಿ 5 ನಿಮಿಷ ಅಂತ ಇಟ್ಟುಕೊಳ್ಳೋಣ.

ಈಗ ಲೆಕ್ಕ ನೋಡಿ. 100 ಕಿ.ಮೀ. ಲೈನ್. ಎಕ್ಸ್‌ಪ್ರೆಸ್ 120ರಲ್ಲಿ ಓಡಿ 50 ನಿಮಿಷಕ್ಕೆ ಮುಗಿಸುತ್ತದೆ. ಗೂಡ್ಸ್ 60ರಲ್ಲಿ ಓಡಿ 100 ನಿಮಿಷ ತೆಗೆದುಕೊಳ್ಳುತ್ತದೆ. ಬರೀ ಎಕ್ಸ್‌ಪ್ರೆಸ್ ಓಡಿಸಿದರೆ ಗಂಟೆಗೆ 12 ಗಾಡಿ. ಬರೀ ಗೂಡ್ಸ್ ಓಡಿಸಿದರೂ ಹತ್ತಿರ ಹತ್ತಿರ ಅಷ್ಟೇ. ಆದರೆ ಒಂದು ಗೂಡ್ಸ್, ಒಂದು ಎಕ್ಸ್‌ಪ್ರೆಸ್ ಅಂತ ಬಿಡಿ. ಗೂಡ್ಸ್ 10:00ಕ್ಕೆ ಹೊರಟರೆ ಆ ತುದಿಗೆ 11:40ಕ್ಕೆ. ಎಕ್ಸ್‌ಪ್ರೆಸ್ ಅಲ್ಲಿಗೆ 11:45ಕ್ಕಿಂತ ಮೊದಲು ಹೋಗುವಂತಿಲ್ಲ, ಹಾಗಾಗಿ ಇಲ್ಲಿಂದ 10:55ಕ್ಕೆ ಹೊರಡಬೇಕು. ಅದರ ಹಿಂದೆ 11:00ಕ್ಕೆ ಇನ್ನೊಂದು ಗೂಡ್ಸ್. ಗಂಟೆಗೆ 12 ಇದ್ದದ್ದು ಎರಡಕ್ಕೆ ಇಳಿಯಿತು! ನೀವು ಹೊರಡುವ ಸ್ಟೇಷನ್ನಿನಲ್ಲಿ ನಿಂತಿದ್ದರೆ 10:00ರ ಗೂಡ್ಸ್ ಹೋದ ಮೇಲೆ 10:55ರ ತನಕ ಹಳಿ ಖಾಲಿ ಕಾಣುತ್ತದೆ ಅಲ್ವಾ? ಆ ಖಾಲಿ ಜಾಗ 100 ಕಿ.ಮೀ. ಆಚೆ ಎಕ್ಸ್‌ಪ್ರೆಸ್ ಗೂಡ್ಸಿನ ಬೆನ್ನಿಗೆ ಬೀಳದಿರಲಿ ಅಂತ ಇಟ್ಟದ್ದು.

ಇದನ್ನು ಸರಿ ಮಾಡಲು ದಾರಿಗಳಿವೆ. ಸರಿಯಾಗಿ ಮಧ್ಯದಲ್ಲಿ, 50ನೇ ಕಿ.ಮೀ.ನಲ್ಲಿ ಒಂದು ಲೂಪ್ ಇದೆ ಅನ್ನಿ. 10:00ರ ಗೂಡ್ಸ್ 10:50ಕ್ಕೆ ಲೂಪಿಗೆ ಹೋಗಿ ನಿಲ್ಲುತ್ತದೆ. 10:30ಕ್ಕೆ ಹೊರಟ ಎಕ್ಸ್‌ಪ್ರೆಸ್ 10:55ಕ್ಕೆ ಪಕ್ಕದಲ್ಲೇ ಹಾದು ಹೋಗುತ್ತದೆ. 11:00ಕ್ಕೆ ಗೂಡ್ಸ್ ಮತ್ತೆ ಹೊರಡುತ್ತದೆ. 10:30ರ ಎಕ್ಸ್‌ಪ್ರೆಸ್ ಹಿಂದೆ 10:35ಕ್ಕೇ ಇನ್ನೊಂದು ಗೂಡ್ಸ್ ಬಿಡಬಹುದು, ಹಾಗಾಗಿ ಇದೇ ಮಾದರಿ 60 ನಿಮಿಷದ ಬದಲು 35 ನಿಮಿಷಕ್ಕೊಮ್ಮೆ ಬರುತ್ತದೆ. ಗೂಡ್ಸಿಗೆ 10 ನಿಮಿಷ ನಷ್ಟ. ಭಾರದ ಗಾಡಿ ನಿಂತು ಮತ್ತೆ ವೇಗ ಹಿಡಿಯುವ ಹೊತ್ತು ಸೇರಿದರೆ ನಿಜಕ್ಕೂ ಇನ್ನೂ ಜಾಸ್ತಿ. ಮತ್ತೆ ಲೂಪಿನ ಉದ್ದ ಗೂಡ್ಸಿನ ಉದ್ದಕ್ಕಿಂತ ಕಡಿಮೆ ಇದ್ದರೆ ಇಷ್ಟೂ ಲೆಕ್ಕ ನೀರಿನಲ್ಲಿ ಮಾಡಿದ ಹೋಮ.

ಇನ್ನೊಂದು ದಾರಿ ಒಂದೇ ವೇಗದವನ್ನು ಗುಂಪಾಗಿ ಬಿಡುವುದು. 10:00ಕ್ಕೆ ಗೂಡ್ಸ್, ಆಮೇಲೆ 10:55, 11:00, 11:05, 11:10ಕ್ಕೆ ನಾಲ್ಕು ಎಕ್ಸ್‌ಪ್ರೆಸ್, 11:15ಕ್ಕೆ ಮತ್ತೆ ಗೂಡ್ಸ್. ಲೂಪ್ ಇಲ್ಲದೆಯೂ 75 ನಿಮಿಷಕ್ಕೆ ಐದು ಗಾಡಿ ಹೋಗುತ್ತವೆ. ಆದರೆ 11:10ರ ಗಾಡಿ ತಪ್ಪಿಸಿಕೊಂಡವರು ಮುಂದಿನ ಎಕ್ಸ್‌ಪ್ರೆಸ್ಸಿಗೆ ಒಂದು ಗಂಟೆ ಕಾಯಬೇಕು. ನನ್ನ ಪ್ರಕಾರ ಇಂಥ ಟೈಮ್‌ಟೇಬಲ್ ಕಾಗದದ ಮೇಲಷ್ಟೇ ಚೆನ್ನಾಗಿರುತ್ತದೆ.

ಜಪಾನಿನ ಬುಲೆಟ್ ರೈಲಿನ ಲೈನ್ ತೊಕಾಯ್ದೊ ಶಿಂಕಾನ್‌ಸೆನ್ ನೋಡಿ. ಅಲ್ಲಿ ಗೂಡ್ಸ್ ಇಲ್ಲವೇ ಇಲ್ಲ, 2020ರಿಂದ ಎಲ್ಲವೂ ಒಂದೇ ಸಾಮರ್ಥ್ಯದ ಗಾಡಿಗಳು. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಕೊದಾಮಾ ಗಾಡಿ ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಕೆಲವೇ ಕಡೆ ನಿಲ್ಲುವ ನೊಝೋಮಿ ಮುಂದೆ ಹೋಗುತ್ತದೆ. ಅದಕ್ಕೇ ಜನಜಂಗುಳಿಯ ಹೊತ್ತಿನಲ್ಲಿ ಗಂಟೆಗೆ 12 ನೊಝೋಮಿ ಬಿಡಲು ಆಗುತ್ತದೆ.

ಚಾರ್ಟನ್ನು ಎಲ್ಲಿಂದ ಶುರು ಮಾಡುತ್ತೇವೆ ಅಂದರೆ, ಎಲ್ಲಿ ಜಾಸ್ತಿ ಇಕ್ಕಟ್ಟೋ ಅಲ್ಲಿಂದ. ಸಾಮಾನ್ಯವಾಗಿ ಅದು ಒಂದು ದೊಡ್ಡ ಜಂಕ್ಷನ್. ಹೊರಡುವ ಗಾಡಿ ಬರುವ ಗಾಡಿಯ ದಾರಿಗೆ ಅಡ್ಡ ಹಾಯಬೇಕಾದರೆ ಇಬ್ಬರಲ್ಲಿ ಒಬ್ಬರು ಕಾಯಲೇಬೇಕು. ಪ್ಲಾಟ್‌ಫಾರ್ಮ್ ಖಾಲಿಯಾದ ತಕ್ಷಣ ಮುಂದಿನ ಗಾಡಿ ಬರುವಂತಿಲ್ಲ, ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ತಿರುಗಬೇಕು, ಸಿಗ್ನಲ್ ಬೀಳಬೇಕು. ಬೇರೆ ಲೈನಿನಿಂದ ಬರುವ ದೂರದ ಗಾಡಿಗಳು ಇಂತಿಷ್ಟು ಹೊತ್ತಿಗೆ ಬರುತ್ತವೆ ಅಂತ ಮೊದಲೇ ಗೊತ್ತಾಗಿರುತ್ತದೆ, ಅವನ್ನು ಮೊದಲು ಕೂರಿಸುತ್ತೇವೆ. ಹಳಿ ರಿಪೇರಿಗೆ ಗಾಡಿ ಓಡಿಸದ ಬಿಡುವು ಬೇಕು, ಅದನ್ನೂ ಮೊದಲೇ ಎತ್ತಿಡಬೇಕು. ಉಳಿದ ಜಾಗದಲ್ಲಿ ಲೋಕಲ್, ಗೂಡ್ಸ್. ಆಮೇಲೆ ರೇಕ್ (ಜೋಡಿಸಿದ ಬೋಗಿಗಳ ಸಾಲು), ಡ್ರೈವರ್, ಗಾರ್ಡ್ ಹೊಂದಿಸುವ ಕೆಲಸ, ಅದೇ ಒಂದು ಬೇರೆ ಪುರಾಣ.

ಸ್ವಿಟ್ಜರ್ಲೆಂಡಿನವರು ಇದನ್ನು ತಿರುವಿ ಹಾಕಿದರು. 1982ರಿಂದ ಅಲ್ಲಿ ದೇಶದುದ್ದಕ್ಕೂ ಗಾಡಿಗಳು ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಹೊರಡುತ್ತವೆ. ದೊಡ್ಡ ಸ್ಟೇಷನ್‌ಗಳಿಗೆ ಸುತ್ತಲಿನ ಗಾಡಿಗಳು ಗಂಟೆ ಹೊಡೆಯುವ ಸ್ವಲ್ಪ ಮೊದಲು ಬಂದು ಸೇರಬೇಕು, ಜನ ಬದಲಾಯಿಸಿಕೊಳ್ಳಬೇಕು, ಗಂಟೆ ದಾಟಿದ ಮೇಲೆ ಎಲ್ಲವೂ ಹೊರಡಬೇಕು. ಇದಕ್ಕೆ ಜ್ಯೂರಿಕ್–ಬರ್ನ್ ಓಟ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಇರಬೇಕಿತ್ತು. ಅದಕ್ಕೆ ಬೇಕಾದ ಹೊಸ ಲೈನ್ ಕಟ್ಟಿ 2004ರಲ್ಲಿ ಶುರು ಮಾಡಿದರು. ಟೈಮ್‌ಟೇಬಲ್ ಮೊದಲು, ಹಳಿ ಆಮೇಲೆ. ನನಗೆ ಇದಕ್ಕಿಂತ ಒಳ್ಳೆಯ ಯೋಜನೆ ಗೊತ್ತಿಲ್ಲ.

ಇನ್ನು ‘ಕೊನೇ ಸ್ಟೇಷನ್ ಹತ್ತಿರ ಸುಮ್ನೆ ಜಾಸ್ತಿ ಟೈಮ್ ಕೊಟ್ಟಿರುತ್ತಾರೆ’ ಎಂದು ಬೇಜಾರು ಮಾಡಿಕೊಂಡಿದ್ದೀರಿ. ದಾರಿಯಲ್ಲಿ ಕಳೆದುಕೊಂಡ ನಿಮಿಷಗಳನ್ನು ಮತ್ತೆ ಗಳಿಸಲು ಇಟ್ಟ ಸಮಯ ಅದು. ಆದರೆ ಪೂರ್ತಿ ಕೊನೆಗೇ ಸುರಿದರೆ ಲೆಕ್ಕದಲ್ಲಿ ಗಾಡಿ ಸರಿಯಾದ ಹೊತ್ತಿಗೆ ಬಂದಂತೆ ಕಾಣುತ್ತದೆ, ನಡುವೆ ಇಳಿಯುವವರಿಗೆ ಏನೂ ಸಿಗುವುದಿಲ್ಲ. ಆ ವಿಷಯದಲ್ಲಿ ನಿಮ್ಮ ಬೇಜಾರು ಸರಿಯೇ. ಇಕ್ಕಟ್ಟಿನ ಜಂಕ್ಷನ್‌ಗಳಿಗೆ ಮುಂಚೆ ಸ್ವಲ್ಪ ಸ್ವಲ್ಪ ಹಂಚುವುದು ಒಳ್ಳೆಯದು. ಲೈನಿನಲ್ಲೂ ಹೀಗೇ ಬಿಡುವು ಬೇಕು. ಎಕ್ಸ್‌ಪ್ರೆಸ್, ಗೂಡ್ಸ್ ಎರಡೂ ಓಡುವ ಲೈನಿಗೆ ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟ ಹೇಳುವ ಮಿತಿ, ಗಾಡಿಗಳು ಹಳಿ ಹಿಡಿದಿಡುವ ಹೊತ್ತು ಜನಜಂಗುಳಿಯಲ್ಲಿ ಒಟ್ಟು ಸಮಯದ ಶೇ. 75, ದಿನಪೂರ್ತಿ ನೋಡಿದರೆ ಶೇ. 60. ಅದಕ್ಕಿಂತ ತುಂಬಿದರೆ ಒಂದು ಗಾಡಿಯ ವಿಳಂಬ ಹಿಂದಿನ ಎಲ್ಲ ಗಾಡಿಗಳಿಗೂ ಹಬ್ಬುತ್ತದೆ, ಸಂಜೆಯ ತನಕ ಇಳಿಯುವುದಿಲ್ಲ.

ನಿಮಗೆ ಆಸಕ್ತಿ ಇದ್ದರೆ ಒಂದು ಗ್ರಾಫ್ ಹಾಳೆ ತೆಗೆದುಕೊಂಡು, ನೀವು ಓಡಾಡುವ ಲೈನಿನ ಟೈಮ್‌ಟೇಬಲ್ ನೋಡಿ ಒಂದು ಬೆಳಗಿನ ನಾಲ್ಕು ಗಂಟೆಯ ಗೆರೆ ಎಳೆದು ನೋಡಿ. ಯಾವ ಸ್ಟೇಷನ್ನಿನಲ್ಲಿ ಯಾವ ಗಾಡಿ ಯಾವುದಕ್ಕೆ ದಾರಿ ಬಿಡುತ್ತದೆ ಅಂತ ತಾನಾಗೇ ಕಾಣುತ್ತದೆ. ಪ್ರಯಾಣಿಕರಿಗೆ ಕೊಡುವ ಟೈಮ್‌ಟೇಬಲ್ಲಿನಲ್ಲಿ ಗೂಡ್ಸ್ ಇರುವುದಿಲ್ಲ ಅನ್ನುವುದು ಮಾತ್ರ ನೆನಪಿರಲಿ. ಹಾಳೆಯಲ್ಲಿ ಉಳಿಯುವ ಬಿಳಿ ಜಾಗದಲ್ಲಿ ಅವುಗಳ ವಾಲಿದ ಗೆರೆಗಳನ್ನೂ ಸೇರಿಸಿಕೊಂಡು ನೋಡಬೇಕು.