ಮಕ್ಕಳಿಗೆ ನಿಘಂಟಿನಲ್ಲಿ ಪದ ಏಕೆ ಸಿಗುವುದಿಲ್ಲ?

ಪ್ರಶ್ನೆ: ನಾಲ್ಕನೇ ತರಗತಿಯ ಮಕ್ಕಳಿಗೆ ವರ್ಣಮಾಲೆ ಬಾಯಿಪಾಠವಿದೆ. ಆದರೂ ಕನ್ನಡ ನಿಘಂಟು ಕೊಟ್ಟರೆ ಸುಮ್ಮನೆ ಪುಟ ಮಗುಚುತ್ತಾರೆ. ಏನು ಮಾಡಲಿ?

ಉತ್ತರ: ಬಾಯಿಪಾಠವೊಂದೇ ಸಾಲದು. ‘ದ ಮೊದಲೋ, ಬ ಮೊದಲೋ’ ಎಂದು ಕೇಳಿ. ಹೆಚ್ಚಿನವರು ‘ಅ’ದಿಂದಲೇ ಗುನುಗಲು ಶುರುಮಾಡುತ್ತಾರೆ. ನಡುವಿನಿಂದ ಹೇಳುವುದನ್ನು ದಿನಕ್ಕೆ 5 ನಿಮಿಷ ಆಡಿಸಿ.

ಆಮೇಲೆ ಒತ್ತಕ್ಷರ. ‘ಕಪ್ಪೆ’ಯನ್ನು ಮಕ್ಕಳು ‘ಕಪಟ’ದ ಹತ್ತಿರ ಹುಡುಕಿ ಸೋಲುತ್ತಾರೆ. ‘ಪ’ದ ಗುಣಿತವೆಲ್ಲ ಮುಗಿದ ಮೇಲೆ ಒತ್ತು: ಕಪಟ, ಕಪಿ, ಕಪೋಲ, ಕಪ್ಪೆ. ಈ ನಾಲ್ಕನ್ನು ಚೀಟಿಗಳಲ್ಲಿ ಬರೆದು, ಕಲಸಿ, ಜೋಡಿಸಲು ಕೊಡಿ. ಸೊನ್ನೆಯಿರುವ ಪದಗಳ ಜಾಗ ಎಲ್ಲ ನಿಘಂಟುಗಳಲ್ಲೂ ಒಂದೇ ಅಲ್ಲ, ನಿಮ್ಮ ಪ್ರತಿಯನ್ನು ಮೊದಲೇ ನೋಡಿಕೊಳ್ಳಿ.

ನಿಜವಾದ ಕಷ್ಟ ಬೇರೆಯೇ ಇದೆ. ಪಾಠದಲ್ಲಿ ‘ತಂದಳು’ ಎಂದಿರುತ್ತದೆ, ನಿಘಂಟಿನಲ್ಲಿರುವುದು ‘ತರು’. ‘ಮರಗಳಲ್ಲಿ’ ಸಿಗದು, ‘ಮರ’ ಸಿಗುತ್ತದೆ. ಹಾಗಾಗಿ ಪುಸ್ತಕ ತೆರೆಯುವ ಮುನ್ನ ಮೂಲರೂಪವನ್ನು ಸ್ಲೇಟಿನಲ್ಲಿ ಬರೆಸಿ. ಕ್ರಿಯಾಪದಕ್ಕೆ ಒಂದು ಸುಲಭ ಉಪಾಯ: ‘ನಾಳೆ ಏನು ಮಾಡುತ್ತಾಳೆ?’ ಎಂದು ಕೇಳಿ. ‘ತರುತ್ತಾಳೆ’ ಎನ್ನುತ್ತಾರೆ; ‘ತ್ತಾಳೆ’ ಅಳಿಸಿದರೆ ‘ತರು’ ಉಳಿಯಿತು. ಇದಕ್ಕೆ ಎರಡು ವಾರ ಕೊಟ್ಟರೂ ಹೆಚ್ಚಲ್ಲ.

ಪದ ಸಿಕ್ಕ ಕೂಡಲೇ ಮೊದಲ ಅರ್ಥವನ್ನೇ ನಕಲು ಮಾಡಲು ಬಿಡಬೇಡಿ. ‘ಅರಸು’ ಎಂದರೆ ರಾಜನೂ ಹೌದು, ಹುಡುಕುವುದೂ ಹೌದು. ಪಾಠದ ವಾಕ್ಯದಲ್ಲಿಟ್ಟು ಓದಿಸಿ, ಹೊಂದುವುದನ್ನು ಅವರೇ ಆರಿಸಲಿ.